ಗಿರೀಶನ ರಕ್ತಕ್ಕೆ ಪರಿಚಯವಿಲ್ಲದ ಚಿಪ್ಪು

ಕಾಯಿಲೆ ಮನುಷ್ಯನನ್ನು ಮಾಗಿಸುತ್ತದೆ ಎಂದು ಬರೆಯುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ನನ್ನನ್ನು ಅದು ಮಾಗಿಸಲಿಲ್ಲ. ಮೊಣಕಾಲನ್ನು ಊದಿಸಿತು, ಊದಿಸಿ ಊದಿಸಿ ಕೊನೆಗೆ ಮಡಚಲಾಗದಂತೆ ಮಾಡಿತು, ಜೊತೆಗೆ ಹೊಟ್ಟೆಕಿಚ್ಚನ್ನೂ ಕಲಿಸಿತು. ಮೊಣಕಾಲಿನ ಬಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದವರ ಹತ್ತಿರ ಎಷ್ಟು ಬೇಕಾದರೂ ಮಾತಾಡಬಹುದು, ಅವರು ತಮ್ಮ ಸೊಂಟದ ಕಥೆ ಹೇಳುತ್ತಾರೆ. ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ನಾನು ಅದನ್ನೇ ಬರೆಯುತ್ತೇನೆ. ಒಬ್ಬ ರೋಗಿ ಇನ್ನೊಬ್ಬ ರೋಗಿಯನ್ನು ನೋಡಿ ಒಳಗೊಳಗೇ ಉರಿಯುತ್ತಿದ್ದರೆ, ಅವನಂಥವನು ದೊಡ್ಡಬಳ್ಳಾಪುರದಲ್ಲೂ ಒಬ್ಬ ಇದ್ದಾನೆ ಎಂದು ತಿಳಿದರೆ ಸಾಕು.

ನಮ್ಮದು ನೇಕಾರರ ಮನೆ. ಮನೆಯ ಹಿಂದೆಯೇ ಅಪ್ಪನ ಪವರ್‌ಲೂಮ್ ಶೆಡ್ಡು. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆ ಚಿಕ್ಕಮ್ಮನದು. ಅಮ್ಮನ ಒಡಹುಟ್ಟಿದ ತಂಗಿ. ಚಿಕ್ಕಪ್ಪ ಸೀರೆಯ ಗಂಟು ಹೊತ್ತು ಊರೂರು ತಿರುಗುವವರು, ಮನೆಯಲ್ಲಿ ಕಂಡದ್ದು ಕಡಿಮೆ. ಅವರ ಒಬ್ಬನೇ ಮಗ ಗಿರೀಶ ನನಗಿಂತ ಒಂದು ವರ್ಷಕ್ಕೆ ಚಿಕ್ಕವನು. ನಮ್ಮಿಬ್ಬರಿಗೂ ಒಂದೇ ಕಾಯಿಲೆ. ರಕ್ತ ಹೆಪ್ಪುಗಟ್ಟುವುದಿಲ್ಲ. ಹಿಮೋಫಿಲಿಯಾ, ಅದರಲ್ಲೂ ಸ್ವಲ್ಪ ಅಪರೂಪದ ಬಗೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವಂಥದ್ದು.

ಅದು ಮೊದಲು ಗೊತ್ತಾದದ್ದು ನನ್ನ ಕಿವಿಯಿಂದ. ನನಗೆ ಕಿವಿ ಚುಚ್ಚಿಸಿದ ದಿನ ಅಜ್ಜಿಯ ತೊಡೆಯ ಮೇಲೆ ಕೂತು ಅತ್ತೆನಂತೆ. ಎಲ್ಲ ಮಕ್ಕಳೂ ಅಳುತ್ತಾರೆ, ಅಳು ನಿಲ್ಲುವಷ್ಟರಲ್ಲಿ ರಕ್ತವೂ ನಿಂತಿರುತ್ತದೆ. ನನ್ನದು ನಿಲ್ಲಲಿಲ್ಲ. ಅರಿಶಿನ ಮೆತ್ತಿದರು, ಸುಟ್ಟ ಬಟ್ಟೆಯ ಬೂದಿ ಮೆತ್ತಿದರು, ಕೊನೆಗೆ ಬೆಂಗಳೂರಿಗೆ ಹೊತ್ತೊಯ್ದರು. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಅದೇ ಡಾಕ್ಟರು ಚಿಕ್ಕಮ್ಮನ ಕಂಕುಳಲ್ಲಿದ್ದ ಕೂಸನ್ನೂ ನೋಡಿ, ಇವನದ್ದೂ ಪರೀಕ್ಷೆ ಮಾಡಿಸಿ ಅಂದರು. ಹಾಗಾಗಿ ಗಿರೀಶನ ಕಿವಿಗೆ ಯಾರೂ ಸೂಜಿ ಮುಟ್ಟಿಸಲಿಲ್ಲ. ಕಾಯಿಲೆಯನ್ನು ಮೊದಲು ಸಾಬೀತು ಮಾಡುವ ಕೆಲಸ ನನ್ನ ಪಾಲಿಗೆ, ಎಚ್ಚರಿಕೆಯ ಲಾಭ ಅವನ ಪಾಲಿಗೆ. ನನ್ನ ವಾದದ ಮೊದಲ ಅಂಶ ಇದು.

ಆಮೇಲೆ ಅಕ್ಕತಂಗಿಯರಿಬ್ಬರೂ ಎರಡು ಪಕ್ಷವಾದರು. ಅಮ್ಮನ ಪಕ್ಷ: ಬಿದ್ದರೆ ಬೀಳಲಿ, ಓದಲಿ, ನಾಲ್ಕು ಜನರ ನಡುವೆ ಬೆಳೆಯಲಿ. ಚಿಕ್ಕಮ್ಮನ ಪಕ್ಷ: ಮಗನನ್ನು ಹೊಸ್ತಿಲು ದಾಟಿಸಬಾರದು, ದಾಟಿದರೂ ಪಕ್ಕದ ನಮ್ಮ ಮನೆಯವರೆಗೆ ಮಾತ್ರ. ಅವರ ಮನೆಯ ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ಒರಳಿನ ಅಂಚಿಗೂ ಹಳೇ ಬಟ್ಟೆ ಸುತ್ತಿತ್ತು. ಪ್ರೈಮರಿ ಶಾಲೆ ಮುಗಿಯುವ ಮೊದಲೇ ಗಿರೀಶನನ್ನು ಬಿಡಿಸಿ, ಮನೆಗೇ ಮೇಷ್ಟರನ್ನು ಕರೆಸಿದರು. ಶೆಡ್ಡಿಗಂತೂ ಕಾಲಿಡುವಂತಿಲ್ಲ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ ಕೆಲವೊಮ್ಮೆ ಚಿಮ್ಮಿ ಹಾರಿ ಬರುತ್ತದೆ, ಅದರ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ನೇಕಾರರ ಮನೆಯಲ್ಲಿ ಹುಟ್ಟಿ, ಗೋಡೆಯಾಚೆ ಹಗಲಿಡೀ ಮಗ್ಗದ ಸದ್ದು ಕೇಳುತ್ತಾ, ಲಾಳಿಯನ್ನು ಕೈಯಲ್ಲಿ ಹಿಡಿಯದೆ ಬೆಳೆದವನು ನಮ್ಮ ಬೀದಿಯಲ್ಲಿ ಅವನೊಬ್ಬನೇ.

ನಾನು ಶಾಲೆಗೆ ಹೋದೆ. ಬೆಂಚಿನಿಂದ ಬಿದ್ದೆ, ಮೆಟ್ಟಿಲಿಂದ ಬಿದ್ದೆ, ಚರ್ಚಾಸ್ಪರ್ಧೆಯಲ್ಲಿ ಸೋತವನೊಬ್ಬ ತಳ್ಳಿದಾಗಲೂ ಬಿದ್ದೆ. ಪ್ರತಿ ಸಲ ಮೊಣಕಾಲೊಳಗೆ ರಕ್ತ ತುಂಬಿ ಅದು ತೆಂಗಿನಕಾಯಿಯಂತೆ ಊದುತ್ತಿತ್ತು. ಪ್ರತಿ ಸಲ ಬೆಂಗಳೂರಿನ ಬಸ್ಸು, ಆಸ್ಪತ್ರೆ, ಮಂಜುಗಡ್ಡೆಯಂತೆ ಗಟ್ಟಿಯಾಗಿಸಿಟ್ಟ ಪ್ಲಾಸ್ಮಾದ ಚೀಲ ಬೆಚ್ಚಗಿನ ನೀರಿನಲ್ಲಿ ಕರಗುವವರೆಗೆ ಕಾಯುವುದು. ಹಳದಿ ಬಣ್ಣದ ಆ ಚೀಲ ಎಲ್ಲೋ ಯಾರೋ ಕೊಟ್ಟ ರಕ್ತದ ಭಾಗ. ಅದರ ಜೊತೆಗೆ ಇನ್ನೇನು ಬರುತ್ತದೋ ಎಂಬ ಭಯ ಆ ವರ್ಷಗಳಲ್ಲಿ ಎಲ್ಲರಿಗೂ ಇತ್ತು. ಆ ಭಯಂಕರ ಕಾಯಿಲೆಯ ಹೆಸರನ್ನು ಬೆಂಚಿನ ಮೇಲೆ ಯಾರೂ ಉಚ್ಚರಿಸುತ್ತಿರಲಿಲ್ಲ. “ಆ ಟೆಸ್ಟು” ಅನ್ನುತ್ತಿದ್ದರು. ಇಲ್ಲ ಎಂದು ವರದಿ ಬಂದ ದಿನ ಅಮ್ಮ ಮೆಜೆಸ್ಟಿಕ್ಕಿನಲ್ಲಿ ಮಲ್ಲಿಗೆ ಕೊಂಡು ಮುಡಿಯುತ್ತಿದ್ದಳು. ಅಷ್ಟೇ ಸಂಭ್ರಮ.

ಬೆಂಚಿನ ಮೇಲೆ ಅಮ್ಮನೂ ಚಿಕ್ಕಮ್ಮನೂ ಜಗಳವಾಡದ ದಿನವಿಲ್ಲ.

“ಎಲ್ಲಾ ನಿಮ್ಮಮ್ಮನ ಕಡೆಯಿಂದ ಬಂದಿದ್ದು ಕಣೇ,” ಅಂತ ಒಮ್ಮೆ ಅಮ್ಮ ಅಂದಳು.

“ನಮ್ಮಮ್ಮ ಬೇರೆ, ನಿಮ್ಮಮ್ಮ ಬೇರೆನಾ?” ಅಂತ ಚಿಕ್ಕಮ್ಮ.

ಇಬ್ಬರೂ ಸೇರಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು.

ಇಪ್ಪತ್ತು ದಾಟುವ ಹೊತ್ತಿಗೆ ನಾನು ಕುಂಟುತ್ತಾ ಲಾ ಕಾಲೇಜಿಗೆ ಹೋಗುತ್ತಿದ್ದೆ, ಅಲಮಾರಿಯ ತುಂಬ ಚರ್ಚಾಸ್ಪರ್ಧೆಯ ಕಪ್ಪುಗಳಿದ್ದವು. ಗಿರೀಶನ ಎರಡೂ ಮೊಣಕಾಲು ಹುಟ್ಟಿದಾಗ ಹೇಗಿದ್ದವೋ ಹಾಗೇ ಇದ್ದವು. ಅವನು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲುತ್ತಿದ್ದ. ನಾನು ಗಮನಿಸುತ್ತಿದ್ದೆ. ಅವನು ನನ್ನ ಕಪ್ಪುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾ “ಅಣ್ಣಾ, ಇದ್ರಲ್ಲಿ ವಿಷ್ಯ ಏನಿತ್ತು?” ಅಂತ ಕೇಳುತ್ತಿದ್ದಾಗ ನನ್ನ ಕಣ್ಣು ಇರುತ್ತಿದ್ದದ್ದು ಅವನ ಮೊಣಕಾಲ ಮೇಲೆ.

ಮೇಡಂ ಬಂದದ್ದು ಆಗ. ಹೊರದೇಶದ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿ ನಮ್ಮ ಆಸ್ಪತ್ರೆಗೆ ಸೇರಿದ್ದ ಡಾಕ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಅದೇ ಮೊದಲು ಕಂಡದ್ದು. ನನ್ನಂಥ ಅನುಮಾನದ ಪ್ರಾಣಿಗೆ ಅದೂ ಒಂದು ಔಷಧಿ. ಅವರು ನಮ್ಮ ನಾಲ್ವರನ್ನೂ ಕೂರಿಸಿಕೊಂಡು ಹೇಳಿದ್ದನ್ನು ನಾನು ನೇಕಾರರ ಮಾತಿಗೆ ತಂದು ಹೇಳುತ್ತೇನೆ. ವೈರಸ್ ಅಂದರೆ ಒಂದು ಲಾಳಿ. ಹೊರಗೆ ಚಿಪ್ಪು, ಒಳಗೆ ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತಿದ ಅದರದೇ ನೂಲು. ಆ ಕಂಡಿಕೆಯನ್ನು ತೆಗೆದು ಬಿಸಾಕಿ, ನಮ್ಮ ರಕ್ತಕ್ಕೆ ಬೇಕಾದ ನೂಲು ಸುತ್ತಿದ ಕಂಡಿಕೆಯನ್ನು ಅದರಲ್ಲಿ ಕೂರಿಸಿ ಮೈಗೆ ಬಿಟ್ಟರೆ, ಚಿಪ್ಪು ತನ್ನ ಹಳೇ ಅಭ್ಯಾಸದಂತೆ ಜೀವಕೋಶದೊಳಗೆ ನುಗ್ಗುತ್ತದೆ. ನುಗ್ಗಿ, ನಮಗೆ ಹುಟ್ಟಿನಿಂದ ಇಲ್ಲದ್ದನ್ನು ಅಲ್ಲಿ ಇಳಿಸುತ್ತದೆ. ಕೈಗೂಡಿದರೆ ಮೈಯೇ ತನ್ನ ರಕ್ತವನ್ನು ಹೆಪ್ಪುಗಟ್ಟಿಸಲು ಕಲಿಯುತ್ತದೆ. ಹೊರದೇಶಗಳಲ್ಲಿ ಮನುಷ್ಯರ ಮೇಲೆ ಆಗ ತಾನೇ ಶುರುವಾಗುತ್ತಿತ್ತು.

ಚಿಕ್ಕಮ್ಮ ತಕ್ಷಣ ನನ್ನ ಕಡೆ ತಿರುಗಿದರು. ಅವರು ಶಿವಗಂಗೆಯಿಂದ ತಂದ ಬೆಣ್ಣೆಯನ್ನು ನನ್ನ ಮೊಣಕಾಲಿಗೆ ಹಚ್ಚಲು ಬಂದಾಗಲೆಲ್ಲ ನಾನು ವಾದಕ್ಕಿಳಿಯುತ್ತಿದ್ದೆ. ಅಲ್ಲಿ ಲಿಂಗಕ್ಕೆ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ, ಅದು ಮದ್ದು ಎಂಬುದು ಅವರ ನಂಬಿಕೆ.

“ಏನಪ್ಪಾ ಮಂಜ, ತುಪ್ಪ ಬೆಣ್ಣೆ ಆಗತ್ತೆ ಅಂದ್ರೆ ನಗಾಡ್ತೀಯ. ಕಾಯ್ಲೆ ತರೋ ಹುಳದ ಹೊಟ್ಟೇಲಿ ಔಷಧಿ ತುಂಬ್ತಾರೆ ಅಂದ್ರೆ ಬಾಯಿ ಬಿಟ್ಕೊಂಡು ಕೇಳ್ತೀಯಲ್ಲೋ?”

ಮೇಡಂ ನಕ್ಕುಬಿಟ್ಟರು. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಆ ಸುತ್ತು ಚಿಕ್ಕಮ್ಮನದೇ.

ಆದರೆ ಇದಕ್ಕೊಂದು ಅಡ್ಡಿ ಇತ್ತು. ಆ ಚಿಪ್ಪು ಲೋಕಕ್ಕೆ ಹೊಸದಲ್ಲ. ಅದರ ವೈರಸ್ ತಾನಾಗಿ ಯಾವ ಕಾಯಿಲೆಯನ್ನೂ ತರುವುದಿಲ್ಲವಂತೆ. ನೆಗಡಿಯ ವೈರಸ್ಸಿನ ಬೆನ್ನು ಹತ್ತಿ, ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ ಮೈಯೊಳಗೆ ಬಂದು ಹೋಗುತ್ತದೆ. ಒಮ್ಮೆ ಬಂದು ಹೋದರೆ ರಕ್ತ ಆ ಚಿಪ್ಪಿನ ಮುಖವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅದೇ ಚಿಪ್ಪು ಔಷಧಿ ಹೊತ್ತು ಬಂದರೂ ಬಾಗಿಲಲ್ಲೇ ಹಿಡಿದು ಮುರಿದುಹಾಕುತ್ತದೆ. ಅಂಥ ನೆನಪು ಯಾರ ರಕ್ತದಲ್ಲಿದೆ, ಯಾರದ್ದರಲ್ಲಿಲ್ಲ ಎಂದು ಮೇಡಂ ನೋಡಬೇಕಿತ್ತು. ಇಬ್ಬರೂ ತೋಳು ಚಾಚಿದೆವು.

ಫಲಿತಾಂಶ ಹೇಳುವ ದಿನ ಅವರು ಮೊದಲು ನೋಡಿದ್ದು ನನ್ನ ಮುಖವನ್ನು.

“ಮಂಜುನಾಥ್, ನಿಮ್ಮ ರಕ್ತಕ್ಕೆ ಆ ಚಿಪ್ಪು ಚೆನ್ನಾಗಿ ಗೊತ್ತು. ತುಂಬಾ ಚೆನ್ನಾಗಿ ಗೊತ್ತು. ಗಿರೀಶ್, ನಿಮ್ಮದರಲ್ಲಿ ಅದರ ಸುಳಿವೇ ಇಲ್ಲ.”

“ಅಂದ್ರೆ?” ಅಂದೆ, ಅರ್ಥವಾಗಿತ್ತು, ಆದರೂ.

“ಅಂದ್ರೆ ಈ ಚಿಪ್ಪಿನಲ್ಲಿ ಬರೋ ಚಿಕಿತ್ಸೆ ನಿಮಗೆ ಹಿಡಿಯಲ್ಲ. ಅವರಿಗೆ ಹಿಡೀಬಹುದು. ಹೊರದೇಶದಲ್ಲಿ ಇದನ್ನ ಪ್ರಯೋಗ ಮಾಡ್ತಿರೋರಲ್ಲಿ ನನ್ನ ಜೊತೆ ಕೆಲಸ ಮಾಡಿದವರಿದ್ದಾರೆ. ಮುಂದೆ ಹೊರಗಿನವರನ್ನೂ ತಗೊಂಡ್ರೆ ಗಿರೀಶ್ ಹೆಸರು ಹೇಳ್ತೀನಿ. ಅಲ್ಲೀವರೆಗೆ ಇವರ ರಕ್ತ ಹೀಗೇ ಇದ್ರೆ.”

“ನನಗೇ ಯಾಕೆ ಗೊತ್ತು? ಇಬ್ಬರೂ ಒಂದೇ ಬೀದಿ, ಒಂದೇ ನೀರು.”

“ನೀವು ಏನು ಕೆಲಸ ಮಾಡ್ತೀರಿ?”

ಓದುತ್ತೇನೆ, ರಜೆಯಲ್ಲಿ ಅಪ್ಪನ ಶೆಡ್ಡಿನಲ್ಲಿ ಲಾಳಿಗೆ ನೂಲು ಹಾಕಿಕೊಡುತ್ತೇನೆ ಅಂದೆ. ಹೇಗೆ ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. ಹೇಳುತ್ತಾ ಹೇಳುತ್ತಾ ಉತ್ತರ ನನಗೇ ಕೇಳಿಸಿತು.

ನಮ್ಮ ಕಡೆಯ ಕೆಲಸದ ರೀತಿ ಅದು. ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿದ ಮೇಲೆ, ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಬೆರಳು ಹೋಗುವುದಿಲ್ಲ. ಆದ್ದರಿಂದ ಕಣ್ಣಿಗೆ ತುಟಿ ಇಟ್ಟು ಒಂದೇ ಉಸಿರಿಗೆ ಎಳೆಯುತ್ತೇವೆ. ನೂಲು ನಾಲಿಗೆಯ ಮೇಲೆ ಬರುತ್ತದೆ. ನಾನೂ ಹಾಗೇ, ಮಗ್ಗ ಓಡಿಸುವ ರಾಮಾಂಜಿಯೂ ಹಾಗೇ, ಹಿಂದಿನ ಪಾಳಿಯವನೂ ಹಾಗೇ, ಅದೇ ಲಾಳಿಗೆ. ಒಬ್ಬನಿಗೆ ನೆಗಡಿಯಾದರೆ ಸಂಜೆಯೊಳಗೆ ಇಡೀ ಶೆಡ್ಡು ಮೂಗು ಸೀಟುತ್ತದೆ. ಅದನ್ನು ನಾವು ಹವಾಮಾನ ಅನ್ನುತ್ತಿದ್ದೆವು. ಕುಂಟುಕಾಲಿನವನಿಗೆ ಕೂತು ಮಾಡುವ ಹಗುರ ಕೆಲಸ ಎಂದು ಅಪ್ಪ ಪ್ರೀತಿಯಿಂದ ಕೊಟ್ಟದ್ದು ಅದು.

ಮೇಡಂ ತಲೆಯಾಡಿಸಿದರು. “ಅದರಿಂದಲೇ ಅಂತ ಹೇಳಕ್ಕಾಗಲ್ಲ. ಶಾಲೆ, ಬಸ್ಸು, ಜನ, ಎಲ್ಲದರಿಂದಲೂ ಬರುತ್ತೆ. ಆದ್ರೆ ಅದೂ ಒಂದು ಒಳ್ಳೆ ದಾರಿ.”

“ಬೇರೆ ಚಿಪ್ಪು ಇಲ್ವಾ ಮೇಡಂ?”

“ಇವೆ. ಇದೇ ಜಾತೀಲಿ ಬೇರೆ ಬೇರೆ ಚಿಪ್ಪಿನವು ಸಿಕ್ಕಿವೆ. ಒಂದನ್ನು ಗುರುತು ಹಿಡಿಯೋ ರಕ್ತ ಇನ್ನೊಂದನ್ನ ಹಿಡೀದೇ ಇರಬಹುದು. ಮುಂದೆ ಚಿಪ್ಪನ್ನೇ ಅಲ್ಲಿಲ್ಲಿ ಬದಲಾಯಿಸಿ ಹೊಸದು ಮಾಡೋರೂ ಬರಬಹುದು.”

“ಯಾವಾಗ?”

“ಗೊತ್ತಿಲ್ಲ.”

ಆ ದಿನ ಮಾತ್ರ ಅವರ ಪ್ರಾಮಾಣಿಕತೆ ನನಗೆ ಹಿತವಾಗಲಿಲ್ಲ.

ಬಸ್ಸು ಯಲಹಂಕ ದಾಟುವವರೆಗೂ ನಾನು ಲೆಕ್ಕ ಹಾಕುತ್ತಿದ್ದೆ. ನಾನು ಶಾಲೆಗೆ ಹೋದೆ, ಮೊಣಕಾಲು ಕಳೆದುಕೊಂಡೆ. ಆದರೂ ಲೋಕ ನೋಡಿದೆನಲ್ಲ, ಅದು ನನ್ನ ಗೆಲುವು ಎಂದು ಇಷ್ಟು ವರ್ಷ ವಾದಿಸಿಕೊಂಡು ಬಂದಿದ್ದೆ. ಈಗ ಆ ಲೋಕವೇ ನನ್ನ ರಕ್ತದಲ್ಲಿ ಕೂತು ಬಾಗಿಲು ಹಾಕಿಕೊಂಡಿತ್ತು. ಹಳೇ ಬಟ್ಟೆ ಸುತ್ತಿದ ಮನೆಯಲ್ಲಿ ಕೂತವನಿಗೆ ಮೊಣಕಾಲೂ ಉಳಿಯಿತು, ರಕ್ತವೂ ಚೊಕ್ಕಟವಾಗಿ ಉಳಿಯಿತು. ಅವನೇನು ಮಾಡಿದ ಅದಕ್ಕೆ? ಏನೂ ಮಾಡಲಿಲ್ಲ. ಏನೂ ಮಾಡದವನಿಗೆ ಬಹುಮಾನ ಕೊಡುವ ತೀರ್ಪುಗಾರರನ್ನು ನಾನು ಯಾವ ಸ್ಪರ್ಧೆಯಲ್ಲೂ ಸುಮ್ಮನೆ ಬಿಟ್ಟಿಲ್ಲ. ಇಲ್ಲಿ ಜಗಳ ತೆಗೆಯಲು ತೀರ್ಪುಗಾರರೇ ಕಾಣುತ್ತಿರಲಿಲ್ಲ.

ಚಿಕ್ಕಮ್ಮ ಕಿವಿಗೆ ಹಾಕಿಕೊಂಡದ್ದು ಮೇಡಂ ಹೇಳಿದ ಒಂದು ಮಾತನ್ನು ಮಾತ್ರ: ರಕ್ತ ಹೀಗೇ ಇದ್ದರೆ. ಮಾರನೇ ದಿನದಿಂದ ಗಿರೀಶನಿಗೆ ಕಿಟಕಿಯೂ ಇಲ್ಲ. ಹಾಲಿನವನು ಗೇಟಿನಾಚೆ, ಮೇಷ್ಟರು ಅಂಗಳದಲ್ಲಿ. ಒಂದು ಬೆಳಿಗ್ಗೆ ನಾನು ಎಂದಿನಂತೆ ಹೋದರೆ ಬಾಗಿಲಲ್ಲೇ ಸೆರಗು ಅಡ್ಡ ಹಿಡಿದರು.

“ಬೇಜಾರು ಮಾಡ್ಕೋಬೇಡ ಕಣಪ್ಪ. ನೀನು ಎಲ್ಲೆಲ್ಲೋ ಓಡಾಡೋನು. ಸ್ವಲ್ಪ ದಿನ ಬರ್ಬೇಡ.”

“ಎಷ್ಟು ದಿನ ಚಿಕ್ಕಮ್ಮ?”

“ಅವ್ನು ಹೋಗಿ ಬರೋವರ್ಗೂ.”

ಒಳಗಿನಿಂದ ಗಿರೀಶ ಕೂಗಿದ: “ಅಣ್ಣಾ, ನಾನು ಜೈಲಲ್ಲಿದ್ದೀನಿ, ಜಾಮೀನು ಕೊಡ್ಸು! ನೀನು ಲಾ ಓದ್ತಿರೋದು ಯಾತಕ್ಕೆ?”

ನಾನು ನಗಲಿಲ್ಲ. ಆ ಜೈಲಿಗೆ ನನ್ನನ್ನು ಹಾಕಿದ್ದರೆ ಸಾಕಿತ್ತು ಅನ್ನಿಸಿತು. ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ. ನೀನೂ ನನ್ನನ್ನು ಹಾಗೇ ಮುಚ್ಚಿಡಬಹುದಿತ್ತಲ್ಲ ಎಂದೆ. ಅಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ಮುಚ್ಚಿಟ್ಟಿದ್ರೆ ಇವತ್ತು ಹಿಂಗೆ ನನ್ ಎದ್ರು ನಿಂತ್ಕೊಂಡು ಇಷ್ಟು ಮಾತಾಡಕ್ಕೆ ಬರ್ತಿತ್ತೇನೋ ನಿಂಗೆ?” ಅಂದಳು. ಜರಡಿಯನ್ನು ಒಂದು ಸಲ ಜೋರಾಗಿ ಕುಟ್ಟಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡದ್ದು ಹಿಟ್ಟಿಗೋ ಇನ್ನೇತಕ್ಕೋ ನಾನು ಕೇಳಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ನಾನು ನನ್ನ ಸ್ಟೂಲಿನ ಮೇಲೆ ಕೂತು ಲಾಳಿ ತುಂಬುತ್ತಿದ್ದೆ. ರಾಮಾಂಜಿಗೆ ಜೋರು ನೆಗಡಿ, ಹೆಗಲ ಮೇಲಿನ ಟವೆಲ್ಲಿಗೆ ಮೂಗು ಒರೆಸಿಕೊಂಡೇ ಮಗ್ಗ ಓಡಿಸುತ್ತಿದ್ದ. ತಲೆಯೆತ್ತಿದರೆ ಹಿಂಬಾಗಿಲಲ್ಲಿ ಗಿರೀಶ ನಿಂತಿದ್ದ. ಚಿಕ್ಕಮ್ಮ ಬಟ್ಟೆ ಒಗೆಯಲು ಹೋದದ್ದು ನೋಡಿಕೊಂಡು ಹಿತ್ತಲ ಗೋಡೆಯ ಸಂದಿಯಿಂದ ಬಂದಿದ್ದ. ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ರಾಮಾಂಜಿಯ ಮಗ್ಗದ ಪಕ್ಕದ ಹಲಗೆಯಿಂದ ಒಂದು ಲಾಳಿ ಎತ್ತಿಕೊಂಡು, ಅದರ ಕಣ್ಣನ್ನು ಹುಡುಕುತ್ತಿದ್ದ. ಆ ಲಾಳಿಗೆ ರಾಮಾಂಜಿ ಆಗ ತಾನೇ ಬಾಯಿ ಹಾಕಿದ್ದ.

“ಇಡೋ ಕೆಳಗೆ!” ಎಂದು ಕೂಗಿದೆ.

ಮಗ್ಗಗಳ ಸದ್ದಿನಲ್ಲಿ ಶೆಡ್ಡಿನೊಳಗೆ ಯಾರ ಮಾತೂ ಕೇಳಿಸುವುದಿಲ್ಲ. ನಾವೆಲ್ಲ ತುಟಿ ನೋಡಿ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಗಿರೀಶನಿಗೆ ಆ ವಿದ್ಯೆಯೂ ಇಲ್ಲ. ಅವನು ನಗುತ್ತಾ ಕಿವಿಗೆ ಕೈ ಇಟ್ಟುಕೊಂಡು “ಏನು?” ಎನ್ನುವಂತೆ ತಲೆಯಾಡಿಸಿದ. ನಾನು ಕುಂಟುತ್ತಾ ಹತ್ತಿರ ಹೋಗಿ ಅವನ ಮುಖದೆದುರು ನಿಂತು ವಾದ ಶುರು ಮಾಡಿದೆ. ಪೂರ್ವಪಕ್ಷ, ಖಂಡನೆ, ಎಲ್ಲವನ್ನೂ ಗಂಟಲು ಹರಿಯುವಂತೆ. ಅದಕ್ಕೆ ಬಾಯಿ ಹಾಕಿದರೆ ನಿನ್ನ ಅವಕಾಶ ಹೋಗಬಹುದು, ಅದು ನಿನ್ನದು ಮಾತ್ರವಲ್ಲ, ನಮ್ಮ ಮನೆಗೆ ಬಂದಿರುವ ಒಂದೇ ಒಂದು ಅವಕಾಶ. ಅವನು ನನ್ನ ತುಟಿಯನ್ನೇ ನೋಡುತ್ತಾ ಲಾಳಿಯನ್ನು ನಿಧಾನವಾಗಿ ಬಾಯಿಯ ಹತ್ತಿರ ತಂದ. ನನ್ನ ಕೈ ಮೇಲೆದ್ದಿತು. ಲಾಳಿಯನ್ನು ಕಿತ್ತುಕೊಂಡರೆ ಮೊನೆ ಅವನ ತುಟಿಗೆ ತಾಗುತ್ತದೆ, ತಾಗಿದರೆ ಆ ರಕ್ತ ನಿಲ್ಲುವುದಿಲ್ಲ. ಕೈ ಅಲ್ಲೇ ನಿಂತಿತು. ಬಾಯಿಯೊಂದೇ ಉಳಿದದ್ದು. ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ಧ್ವನಿ ಒಂದೇ ಉಳಿದಿತ್ತು:

“ನಿನ್ನ ರಕ್ತ ನೋಡಿ ನಂಗೆ ಹೊಟ್ಟೆ ಉರೀತಿದೆ ಕಣೋ! ನಂಗೆ ಸಿಗದೇ ಇರೋದನ್ನ ನೀನು ಎಸೀತೀಯಾ?”

ಬೀದಿಯವರೆಗೂ ಕೇಳಿಸಿರಬೇಕು. ರಾಮಾಂಜಿ ಟವೆಲ್ಲನ್ನು ಮೂಗಿನ ಹತ್ತಿರವೇ ಹಿಡಿದು ನಿಂತುಬಿಟ್ಟ. ಅಪ್ಪ ಮೋಟರಿನ ಸ್ವಿಚ್ಚು ಆರಿಸುವ ನೆಪದಲ್ಲಿ ಬೆನ್ನು ತಿರುಗಿಸಿದರು.

ಗಿರೀಶ ಲಾಳಿಯನ್ನು ಕೆಳಗಿಳಿಸಿದ.

“ನಂಗೆ ಗೊತ್ತು ಬಿಡಣ್ಣ,” ಅಂದ. “ನನ್ ಮೊಣಕಾಲು ನೋಡೋವಾಗ್ಲೇ ಗೊತ್ತಾಗ್ತಿತ್ತು. ನಾನೇನು ಕಪ್ಪು ನೋಡೋಕೆ ಬರ್ತಿದ್ನಾ ನಿಮ್ಮನೆಗೆ? ನಿನ್ನ ನೋಡಿ ಉರ್ಕೊಳ್ಳೋಕೆ ಬರ್ತಿದ್ದೆ.”

“ಹೊಟ್ಟೆಕಿಚ್ಚಿಗೆ ಔಷಧಿ ಎಸೀತಾರೇನೋ?”

“ಔಷಧಿ ಎಲ್ಲಿದೆ? ತೋರ್ಸು. ಬರತ್ತೆ, ಬರತ್ತೆ ಅಂತಾರೆ, ಯಾವತ್ತು ಅಂದ್ರೆ ಆ ಮೇಡಂಗೇ ಗೊತ್ತಿಲ್ಲ. ಅಲ್ಲೀವರ್ಗೂ ನಾನು ಉಸಿರಾಡ್ದೆ ಕೂತಿರ್ಬೇಕಾ? ನಂಗೆ ಮಗ್ಗ ಓಡಿಸ್ಬೇಕು. ನೇಕಾರ್ರ ಮಗ ನಾನು, ಲಾಳಿ ತುಂಬಕ್ಕೆ ಬರಲ್ಲ.”

ವಾದ ಬಿಟ್ಟು ಸುತ್ತ ತಡಕಾಡಿದೆ. ಸಿಕ್ಕಿದ್ದು ಒಂದು ತಂತಿ. ಹಳೇ ಛತ್ರಿಯಿಂದ ಬಿಚ್ಚಿಟ್ಟಿದ್ದ ತೆಳುವಾದ ತಂತಿ, ಶೆಡ್ಡಿನ ಗೂಡಿನಲ್ಲಿ ಬಿದ್ದಿತ್ತು. ಅದರ ತುದಿಯನ್ನು ಬಗ್ಗಿಸಿ ಸಣ್ಣ ಕೊಕ್ಕೆ ಮಾಡಿ, ಲಾಳಿಯ ಕಣ್ಣಿನಿಂದ ಒಳಗೆ ಹಾಕಿ, ನೂಲಿನ ತುದಿಗೆ ಸಿಕ್ಕಿಸಿ ಹೊರಗೆಳೆದೆ. ಬಂತು. ಅಜ್ಜನ ಕಾಲದಿಂದ ಈ ಊರಿನವರೆಲ್ಲ ಬಾಯಿಯಿಂದ ಎಳೆಯುತ್ತಿರುವುದನ್ನು ಒಂದು ತಂತಿ ಎಳೆಯಿತು. ಬಾಯಿಯಷ್ಟು ಬೇಗ ಆಗುವುದಿಲ್ಲ, ಅದಕ್ಕೇ ಯಾರೂ ಬಳಸುವುದಿಲ್ಲ, ಅಷ್ಟೆ.

“ಬಾಯಿ ಹಾಕ್ಬೇಡ. ಇದ್ರಲ್ಲಿ ಎಳಿ,” ಅಂದೆ. “ಮಗ್ಗದ ಎದ್ರು ನಿಲ್ಬೇಡ, ಲಾಳಿ ಹಾರತ್ತೆ. ನನ್ ಪಕ್ಕ ಕೂತ್ಕೊಂಡು ತುಂಬು.”

ರಾಮಾಂಜಿಗೆ ಉಸಿರು ಬಂತು. “ಏನ್ ಗುರು, ಲಾಳಿಗೆ ಇಂಜೆಕ್ಷನ್ ಕೊಡ್ತಿದ್ದೀಯಾ?”

“ನೀನು ಮೊದ್ಲು ಆ ಕಡೆ ಹೋಗಿ ಮೂಗು ಸೀಟ್ಕೋ ಮಾರಾಯ,” ಅಂದ ಗಿರೀಶ. ತನ್ನ ಜೀವನದಲ್ಲಿ ಮೊದಲ ಸಲ ಶೆಡ್ಡಿನ ಒಬ್ಬನನ್ನು ಬೈದ ಸಂತೋಷ ಅವನ ಮುಖದಲ್ಲಿತ್ತು. ಅವನಿಗೆ ಶೆಡ್ಡೂ ಸಿಕ್ಕಿತು, ಅವಕಾಶವೂ ಉಳಿಯಿತು, ದಾರಿ ತೋರಿಸಿದವನು ನಾನು. ನನಗೇನು ಸಿಕ್ಕಿತು ಎಂದು ಕೇಳಿಕೊಂಡೇ ಮುಂದಿನ ಕಂಡಿಕೆ ಎತ್ತಿಕೊಂಡೆ.

ಚಿಕ್ಕಮ್ಮನಿಗೆ ಗೊತ್ತಾಗಿ ರಂಪವಾಯಿತು. ಎರಡು ಮನೆಗಳ ನಡುವೆ ಕೆಲವು ದಿನ ಸಾರು ಪಲ್ಯದ ಓಡಾಟವೂ ನಿಂತಿತು. ಆ ಹೊತ್ತಿಗೇ ಪತ್ರಿಕೆಯಲ್ಲಿ ಆ ಸುದ್ದಿ ಬಂದದ್ದು. ಹೊರದೇಶದಲ್ಲಿ ಇಂಥದೇ ಚಿಕಿತ್ಸೆ ತೆಗೆದುಕೊಂಡಿದ್ದ ಹುಡುಗನೊಬ್ಬ ತೀರಿಕೊಂಡಿದ್ದ. ಅವನ ಕಾಯಿಲೆ ಬೇರೆ, ಬಳಸಿದ ವೈರಸ್ ಬೇರೆ, ಚಿಪ್ಪೂ ಬೇರೆ. ಆದರೆ ವಯಸ್ಸು ಹೆಚ್ಚುಕಡಿಮೆ ನಮ್ಮದೇ. ನಾನು ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. ಆ ಹುಡುಗನ ಅಪ್ಪಅಮ್ಮಂದಿರನ್ನು ನೆನೆದು ಕಣ್ಣು ತುಂಬಿತು. ಆದರೂ ಗಿರೀಶನ ಮೇಲಿನ ಉರಿ ಆರಲಿಲ್ಲ. ಸಾವಿನ ಭಯವೂ ಇರುವ ಸಾಲಿನಲ್ಲಿ ನಿಲ್ಲಲೂ ಅವನಿಗೇ ಅರ್ಹತೆ, ನನಗಿಲ್ಲ. ಇಷ್ಟು ಕೆಟ್ಟದಾಗಿ ಉರಿಯುವುದು ಸಾಧ್ಯ ಎಂದು ಯಾರಾದರೂ ಮೊದಲೇ ಬರೆದಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಚಿಕ್ಕಮ್ಮ ಆ ಸಂಜೆ ನಮ್ಮ ಮನೆಗೆ ಬಂದರು. ಜಗಳವಾದ ಮೇಲೆ ಅದೇ ಮೊದಲು. ಗಿರೀಶ ಹಿಂದೆಯೇ ಬಂದು ಕಂಬಕ್ಕೆ ಒರಗಿ ನಿಂತ. ಅವರು ನನ್ನ ಎದುರು ನೆಲದ ಮೇಲೆ ಕೂತರು.

“ನೀನು ಓದಿದೋನು. ಎರಡೂ ಕಡೆ ಮಾತಾಡೋಕೆ ಬರತ್ತೆ ನಿಂಗೆ. ನೀನೇ ಹೇಳಪ್ಪ, ಮೇಡಂ ಕರೆದ್ರೆ ಇವ್ನನ್ನ ಕಳಿಸ್ಲಾ, ಬೇಡ್ವಾ? ನೀನು ಹೇಳ್ದಂಗೆ ಮಾಡ್ತೀನಿ.”

ಇಂಥ ಅವಕಾಶ ವಾದಿಗೆ ಜೀವನದಲ್ಲಿ ಒಂದೇ ಸಲ ಸಿಗುವುದು. ಬೇಡ ಎನ್ನಲು ನನ್ನ ಬಳಿ ಒಳ್ಳೊಳ್ಳೆಯ ಕಾರಣಗಳಿದ್ದವು, ಎಲ್ಲವೂ ನಿಜವಾದ ಕಾರಣಗಳು, ಪತ್ರಿಕೆ ಪಕ್ಕದಲ್ಲೇ ಇತ್ತು. ಕಳಿಸಿ ಎನ್ನಲೂ ಇದ್ದವು. ಅವುಗಳಲ್ಲಿ ಯಾವುದು ಬುದ್ಧಿಯ ಮಾತು, ಯಾವುದು ಹೊಟ್ಟೆಯ ಮಾತು ಎಂದು ಬೇರ್ಪಡಿಸಲು ಮಾತ್ರ ಆಗಲಿಲ್ಲ.

“ನನ್ನ ಕೇಳ್ಬೇಡಿ ಚಿಕ್ಕಮ್ಮ. ಇಡೀ ಬೀದಿಗೇ ಕೇಳಿಸಿದೆ ನಂಗೆ ಹೊಟ್ಟೆಕಿಚ್ಚು ಅಂತ. ಅಂಥೋನ ತೀರ್ಪು ನಿಲ್ಲಲ್ಲ. ಅವ್ನನ್ನೇ ಕೇಳಿ.”

ಚಿಕ್ಕಮ್ಮ ಗಿರೀಶನ ಕಡೆ ತಿರುಗಿದರು. ಆದರೆ ಏನು ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಅವನನ್ನು ಉಂಡೆಯಾ, ನೋವಿದೆಯಾ ಎಂದು ಬಿಟ್ಟರೆ ಬೇರೇನೂ ಕೇಳಿದ್ದಿಲ್ಲ. ಕೊನೆಗೆ ಅಮ್ಮನೇ ಕೇಳಿದಳು: “ಏನೋ ಗಿರೀಶ, ನಿಂಗೇನು ಅನ್ಸತ್ತೆ?”

“ಕರೆದ್ರೆ ಹೋಗ್ತೀನಿ ದೊಡ್ಡಮ್ಮ,” ಅಂದ. “ಹೆದ್ರಿಕೆ ಆಗತ್ತೆ, ಆದ್ರೂ ಹೋಗ್ತೀನಿ. ಆದ್ರೆ ಅಲ್ಲೀವರ್ಗೂ ಮನೇಲಿ ಕೂತಿರಲ್ಲ. ಶೆಡ್ಡಿಗೆ ಹೋಗ್ತೀನಿ, ಆಸ್ಪತ್ರೆಗೆ ಅಣ್ಣನ್ ಜೊತೆ ಬಸ್ಸಲ್ಲೇ ಹೋಗ್ತೀನಿ. ಅದ್ರಿಂದ ನನ್ ರಕ್ತ ಕೆಟ್ರೆ ಕೆಡ್ಲಿ. ಅವಾಗ ಇಬ್ರೂ ಬೇರೆ ಚಿಪ್ಪಿಗೆ ಕಾಯ್ತೀವಿ.”

ಚಿಕ್ಕಮ್ಮ ಎದ್ದು ಹೋದರು. ಮಾರನೇ ದಿನ ಅವರ ಮನೆಯಿಂದ ಹುಳಿಸೊಪ್ಪು ಬಂತು. ಒಪ್ಪಿಗೆ ಎಂದು ಅಮ್ಮ ಅರ್ಥ ಮಾಡಿದಳು.

ಚಳಿಗಾಲಕ್ಕೆ ಗಿರೀಶನಿಗೆ ನೆಗಡಿ ಬಂದೇ ಬಂತು. ತಂತಿ ಏನು ಮಾಡೀತು, ಊರಿಗೆಲ್ಲ ಬಂದಿತ್ತು. ಮೂಗು ಕೆಂಪಾಗಿ ಸೀನುತ್ತಾ ಅವನು ನನ್ನ ಪಕ್ಕದಲ್ಲೇ ಲಾಳಿ ತುಂಬಿದ. ಮೇಡಂಗೆ ಹೇಳಿದೆವು. ವಾಸಿಯಾಗಿ ಸ್ವಲ್ಪ ಕಾಲ ಕಳೆದ ಮೇಲೆ ಬನ್ನಿ, ರಕ್ತ ಮತ್ತೆ ನೋಡೋಣ ಅಂದರು.

ಕಳೆದ ತಿಂಗಳು ಹೋಗಿದ್ದೆವು. ತಾಯಂದಿರಿಬ್ಬರನ್ನೂ ಬಿಟ್ಟು, ನಾವಿಬ್ಬರೇ. ನನಗೆ ಮೊಣಕೈಯಲ್ಲಿ ಊತವಿತ್ತು, ಪ್ಲಾಸ್ಮಾ ಕರಗುತ್ತಿತ್ತು. ನನ್ನ ನರ ಒಂದೇ ಸಲಕ್ಕೆ ಹುಡುಕುವ ನರ್ಸಮ್ಮನದೇ ಆ ದಿನದ ಪಾಳಿಯಾಗಿತ್ತು, ಅದೊಂದು ಪುಣ್ಯ. ಸೂಜಿ ಚುಚ್ಚಿಸಿಕೊಂಡು ಬೆಂಚಿನ ಮೇಲೆ ಕೂತು ಮೇಡಂ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆ. ಯಾವ ಉತ್ತರ ಬರಲಿ ಎಂದು ನನ್ನ ಆಸೆ? ಅವನ ರಕ್ತವೂ ಚಿಪ್ಪನ್ನು ಗುರುತು ಹಿಡಿದುಬಿಟ್ಟಿದ್ದರೆ ನಾವಿಬ್ಬರೂ ಸಮ. ಈ ಬೆಂಚಿನ ಮೇಲೆ ಇನ್ನೂ ಎಷ್ಟೋ ವರ್ಷ ನನಗೆ ಜೊತೆ. ಆ ಯೋಚನೆ ಎಷ್ಟು ಬೆಚ್ಚಗಿತ್ತೆಂದರೆ ನಾನು ಅದನ್ನು ಬಿಡಲು ಇಷ್ಟಪಡಲಿಲ್ಲ. ಪಕ್ಕದಲ್ಲಿ ಗಿರೀಶ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಬಾಗಿಲು ತೆರೆಯಿತು. ಮೇಡಂ ನಿಂತಲ್ಲಿಂದಲೇ ಹೇಳಿದರು: “ಗಿರೀಶ್, ಇನ್ನೂ ಇಲ್ಲ. ಬಂದಿದ್ದು ಬರೀ ನೆಗಡಿ. ಚಿಪ್ಪು ನಿಮಗೆ ಇನ್ನೂ ಅಪರಿಚಿತ.”

ನನ್ನೊಳಗೆ ಮೊದಲು ಬಂದದ್ದು ಸಮಾಧಾನ. ಎಷ್ಟು ಜೋರಾಗಿ ಬಂತೆಂದರೆ ಸೂಜಿ ಇದ್ದ ಕೈಯನ್ನೇ ಎತ್ತಿಬಿಟ್ಟೆ, ನರ್ಸಮ್ಮ ಬೈದರು. ಹೊಟ್ಟೆಕಿಚ್ಚೂ ಬಂತು, ಬಾರದೆ ಇರಲಿಲ್ಲ. ಆದರೆ ಆಮೇಲೆ ಬಂತು. ಇಷ್ಟು ವರ್ಷದಲ್ಲಿ ಅದು ಎರಡನೆಯದಾಗಿ ಬಂದದ್ದು ಅದೇ ಮೊದಲು.

ಚೀಲ ಖಾಲಿಯಾದ ಮೇಲೆ ಗಿರೀಶ ನನಗೆ ಎದ್ದು ನಿಲ್ಲಲು ಹೆಗಲು ಕೊಟ್ಟ.

“ಅಣ್ಣಾ, ನಿಜ ಹೇಳು. ಇನ್ನೂ ಉರೀತಿದ್ಯಾ?”

“ಉರೀತಿದೆ,” ಅಂದೆ. “ನಡಿ, ಬಸ್ಸು ಹೋಗ್ಬಿಡತ್ತೆ.”